ಎಡಗಡೆ ದೀಪ

ಇಳೀಬೇಡ ವೇಣು! ಅಲ್ಲೇ ಕೂತ್ಕೊ, ಸ್ಟೀರಿಂಗ್ ಮುಂದೆ. ಹಾಕು ಅಂದ್ರೆ ಸ್ವಿಚ್ ಹಾಕು, ಆರಿಸು ಅಂದ್ರೆ ಆರಿಸು. ಅಷ್ಟೇ ನಿನ್ನ ಕೆಲಸ.

ಹಾಕು.

ಹ್ಞೂಂ... ಗೋಡೆ ನೋಡು. ಬಲಗಡೆದು ಬೆಳ್ಳಗೆ ಬಿದ್ದಿದೆ. ಎಡಗಡೆದು? ಮಂಕು. ಮಸಿ ಹಿಡಿದ ಲಾಟೀನು. ಹೊಸ ಬಲ್ಬಪ್ಪಾ ಅದು! ಬೆಳಿಗ್ಗೆ ಜೆ.ಸಿ. ರೋಡಿಂದ ತಂದಿದ್ದು. ಆರಿಸು.

ಯಾಕೆ ನಗ್ತೀಯ? ಭಾವನಿಗೆ ಒಂದು ಬಲ್ಬ್ ಹಾಕೋಕೂ ಬರಲ್ಲ ಅಂತಾನಾ? ಲೋ, ಈ ಮಾರುತಿ ಬಂದಾಗ ನೀನು ಬಿ.ಕಾಂ ಫೇಲಾಗಿ ನಮ್ಮನೆ ಜಗಲಿ ಮೇಲೆ ಕೂತಿದ್ದೆ. ನಗು, ನಗು.

ಅದಲು ಬದಲು ಮಾಡಿಯೂ ನೋಡಿದೆ. ಎಡದ ಬಲ್ಬ್ ಬಲಕ್ಕೆ ಹಾಕಿದ್ರೆ ಚೆನ್ನಾಗಿ ಉರಿಯುತ್ತೆ. ಬಲದ್ದು ಎಡಕ್ಕೆ ಬಂದ್ರೆ ಮಂಕು. ಅಂದ್ರೆ ಬಲ್ಬಲ್ಲ. ಅರ್ತ್ ವೈರು... ಅದನ್ನೂ ಬಿಚ್ಚಿ ಉಜ್ಜಿ ಕಟ್ಟಿದೆ. ಫ್ಯೂಸು ನೋಡಿದೆ. ಎಲ್ಲಾ ಬಾನೆಟ್ ಎತ್ತಿ, ಹಿಂದಿನಿಂದ ಕೈ ಹಾಕೇ ಮಾಡಿದ್ದು.

ಮುಂದಿನಿಂದ ಯಾಕೆ ನೋಡ್ಬೇಕು? ಮುಂದೆ ಏನೂ ಇಲ್ಲ. ಗಾಜು. ಗಾಜಲ್ಲಿ ನೋಡೋದೇನಿದೆ?

ಆ ಸ್ಪ್ಯಾನರ್ ತೆಗಿ! ಪಕ್ಕದ ಸೀಟಿನ ಮೇಲೆ ಯಾಕೆ ಇಟ್ಟೆ? ಕೆಳಗಿಡು. ನಿಮ್ಮಕ್ಕ ಕೂರ್ತಿದ್ದ ಜಾಗ ಅದು. ಅಲ್ಲಿ ಏನೂ ಇಡೋ ಹಾಗಿಲ್ಲ.

ಗೊತ್ತಪ್ಪ, ನಾಳೆ ಬೆಳಿಗ್ಗೆ ಆರ್‌ಟಿಓ. ಹದಿನೈದು ವರ್ಷದ ಗಾಡಿ. ಇನ್ಸ್‌ಪೆಕ್ಟರು ದೀಪ ನೋಡೇ ನೋಡ್ತಾನೆ. ಒಂದು ಕಣ್ಣಲ್ಲಿ ಹೋದ್ರೆ ಪಾಸ್ ಮಾಡಲ್ಲ. ಆಮೇಲೆ ನೀನು ಗುಜರಿಯವನನ್ನ ಕರ್ಕೊಂಡ್ ಬರ್ತೀಯ. ಕೊಡಲ್ಲ. ಈ ಗಾಡಿ ಗುಜರಿಗೆ ಹೋಗಲ್ಲ, ತಿಳ್ಕೊ.

ಕಾಫಿ? ಯಾರು ಮಾಡ್ತಾರೆ ಕಾಫಿ? ಮುನಿಯಮ್ಮ ಕೆಲಸ ಬಿಟ್ಲು. ಬೈದೆ, ಬಿಟ್ಲು. ಏನು ಮಾಡಿದ್ಲಾ... ಗಾಡಿ ಒರೆಸ್ತಿದ್ಲು. ಬಲಗಡೆ ದೀಪ ಒರೆಸಿಬಿಟ್ಲು. ಎಡಗಡೆಗೆ ಬರೋ ಹೊತ್ತಿಗೆ ನಾನು ಬಂದೆ.

ಒರೆಸಿದ್ದಕ್ಕೆ ಯಾರಾದ್ರೂ ಬೈತಾರಾ ಅಂತ ಕೇಳ್ತೀಯ. ನಾನು ಬೈತೀನಿ. ಹಾಕು ಸ್ವಿಚ್. ಹಾಕೋ!

ಆರಿಸು.

...ಹಿಂದೆ ಏನು ಹುಡುಕ್ತಿದೀಯ? ಆ ಡಬ್ಬ ಬಿಡು. ಬಿಡು ಅಂದೆ. ತೆಗೆದೂ ಆಯ್ತಾ!

ಹೌದು, ಹೆಡ್‌ಲೈಟೇ. ಇಡೀ ಸೆಟ್ಟು, ಗಾಜು ಸಮೇತ. ಎಡಗಡೆದು. ತಂದು ವಾರ ಆಯ್ತು. ಹಾಕ್ಲಿಲ್ಲ.

ಯಾಕೆ, ಯಾಕೆ! ಹಳೇದು ಬಿಚ್ಚಬೇಕಲ್ಲ? ಸ್ಕ್ರೂಡ್ರೈವರ್ ಹಿಡಿದು ಮುಂದೆ ಕೂರ್ತೀನಿ, ಮತ್ತೆ ಜೇಬಿಗೆ ಹಾಕ್ಕೊಂಡು ಏಳ್ತೀನಿ. ಜಾರಿ ಬೆರಳು ಗಾಜಿಗೆ ತಾಗಿದ್ರೆ... ಏನಿಲ್ಲ. ಬೆಳಿಗ್ಗೆ ಎದ್ದು ಹಾಕ್ತೀನಿ. ನೀನು ಮನೆಗೆ ಹೋಗು.

ಮೆಕ್ಯಾನಿಕ್ ಬೇಡ. ಅವರು ಕೈಗೆ ಸಿಕ್ಕಿದ ಬಟ್ಟೇಲಿ ಮೊದಲು ಗಾಜು ಉಜ್ಜಿಬಿಡ್ತಾರೆ. ಬೇಡ ಅಂದ್ರೆ ಬೇಡ!

ಬಾಗಿಲು ಯಾಕೆ ತೆಗೆದೆ? ವೇಣು, ಈ ಕಡೆ ಬರ್ಬೇಡ. ಜಾಗ ಇಲ್ಲ ಇಲ್ಲಿ, ಗೋಡೆ ಇದೆ... ಕೈಯಲ್ಲೇನು? ಒದ್ದೆ ಬಟ್ಟೆ! ಲೋ, ಎಸಿ ಅದನ್ನ. ಎಸಿ! ವಯಸ್ಸಾದ ಮನುಷ್ಯನ್ನ ತಳ್ತೀಯೇನೋ? ಅದರ ಮೇಲೆ ಕೈ ಇಟ್ಟೆ ಅಂದ್ರೆ...

...

ಯಾಕೆ ನಿಂತ್‌ಬಿಟ್ಟೆ?

ಒರೆಸಲ್ವಾ?

...

ಹ್ಞೂಂ. ಆಯುಧಪೂಜೆ ದಿನದ್ದು. ನಿಮ್ಮಕ್ಕ ಗಾಜಿನ ತುಂಬಾ ಗಂಧ ಬಳಿದು ಅದರ ಮೇಲೆ ಮೂರು ಬೆರಳು ಎಳೆದ್ಲು. ಅಷ್ಟು ದಪ್ಪ ಬೇಡ ಕಣೇ, ರಾತ್ರಿ ರೋಡ್ ಕಾಣಲ್ಲ ಅಂದೆ. ಕೇಳಿದ್ಲಾ? ದೀಪಾವಳಿಗೆ ಅವಳೇ ಇರ್ಲಿಲ್ಲ. ಗಾಡಿ ಆಮೇಲೆ ಹೊರಗೆ ತೆಗೆದಿಲ್ಲ ನಾನು.

ನಡುವಿನ ಗೆರೆ ನೋಡ್ತಿದೀಯ. ಸೊಟ್ಟ. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿದ ಬೆರಳಲ್ವಾ ಅವಳದು... ‘ಬಾಗಿಲು ಹಾಕಿದ್ದು ವೇಣು, ಪಾಪ ಅವನಿಗಾಗ ಮೂರು ವರ್ಷ’ ಅಂತಿದ್ಲು. ಯಾವಾಗ ಹೇಳಿದ್ರೂ ನಗ್ತಿದ್ಲು.





ಏನು? ಸ್ಕ್ರೂಡ್ರೈವರಾ? ಇಲ್ಲೇ ಇದೆ, ಜೇಬಲ್ಲಿ. ತಗೊ. ಮೆಲ್ಲಗೆ. ಮೊದಲು ಕೆಳಗಿಂದು ಬಿಚ್ಚು. ಗಂಧ ಒಣಗಿದೆ, ಅಲುಗಿದ್ರೆ ಉದುರುತ್ತೆ. ಅಂಚು ಹಿಡ್ಕೊ, ಅಂಚು ಮಾತ್ರ... ಹಾಂ... ಹಾಗೇ.

ತಾಳು, ಕೆಳಗಿಡ್ಬೇಡ. ಟವೆಲ್ ಹಾಸ್ತೀನಿ.

ಇಲ್ಲಲ್ಲ. ಆ ಸೀಟಿನ ಮೇಲೆ.