ಒಳಗೆ ಕೂತವರು

ಇದು ಊರವರು ಹಬ್ಬಿಸಿದ ಕತೆಯಲ್ಲ. ನಮ್ಮ ದೊಡ್ಡಪ್ಪನ ಮಗಳ ಮನೆಯಲ್ಲೇ ನಡೆದದ್ದು. ಆ ಕಿಟಕಿ ಮುಚ್ಚಿ, ಹೇಳ್ತೀನಿ.

ಅಕ್ಕ ಟೈಲರ್. ಅವತ್ತು ಅಂಗಡಿಯಲ್ಲಿ ಶಾಲೆ ಸಮವಸ್ತ್ರದ ರಾಶಿ ಬಿದ್ದಿತ್ತು. ಮುಗಿಸಿ ಹೊರಟಾಗ ಬೀದಿ ಖಾಲಿ. ಬೇಗ ಮನೆ ಸೇರೋಣ ಅಂತ ಹಾಳುಬಾವಿ ಪಕ್ಕದ ಅಡ್ಡದಾರಿ ಹಿಡಿದಳು. ಬಾವಿಯ ಆಳದಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ತೊಟ್... ತೊಟ್... ಅಷ್ಟರಲ್ಲಿ ಬೀದಿದೀಪಗಳೆಲ್ಲ ಒಟ್ಟಿಗೇ ಆರಿಹೋದವು.

ಬೇರೆಯವರಾಗಿದ್ದರೆ ಬಾವಿಗೆ ಹೆದರುತ್ತಿದ್ದರು. ಅಕ್ಕನ ಎದೆ ಧಸಕ್ಕೆಂದದ್ದು ಕರೆಂಟು ಹೋಯಿತಲ್ಲ ಅಂತ. ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದಳು.

ಯಾಕೆ ಅಂದರೆ, ಮನೆಯಲ್ಲಿ ಅವಳ ತಮ್ಮ ಹಾಸಿಗೆ ಹಿಡಿದಿದ್ದ. ನರಗಳ ಕಾಯಿಲೆ. ಕೈ ಆಡದು, ಕಾಲು ಆಡದು, ಗಂಟಲಿಂದ ಒಂದು ಸದ್ದೂ ಇಲ್ಲ. ಉಳಿದದ್ದು ಎರಡು ಕಣ್ಣು. ಹಾಸಿಗೆ ಎದುರು ಒಂದು ಕಂಪ್ಯೂಟರ್, ಅದರ ಮೇಲೆ ಒಂದು ಕ್ಯಾಮೆರಾ. ಪರದೆ ಮೇಲೆ ಒಂದೊಂದೇ ಪದ ಬೆಳಗುತ್ತಾ ಹೋಗುತ್ತದೆ. ಬೇಕಾದ ಪದ ಬಂದಾಗ ಅವನು ಕಣ್ಣು ಮಿಟುಕಿಸಿದರೆ ಸಾಕು, ಸ್ಪೀಕರ್ ಅದನ್ನು ಜೋರಾಗಿ ಹೇಳುತ್ತದೆ. ನೀರು. ಸೆಖೆ. ಹೊರಳಿಸು. ಕೂರಿಸು. ಬಾ. ಅಷ್ಟೂ ಪದಗಳನ್ನು ಅಕ್ಕ ತನ್ನ ದನಿಯಲ್ಲೇ ತುಂಬಿಸಿದ್ದಳು. 'ನನ್ನನ್ನ ನಾನೇ ಕರೆದು, ನಾನೇ ಓಡಿ ಬರೋ ಹಣೆಬರಹ ನೋಡು' ಅಂತ ತಮಾಷೆ ಮಾಡೋಳು.

ಕರೆಂಟು ಹೋದರೆ ಕಂಪ್ಯೂಟರ್ ಆರಿಹೋಗುತ್ತಿತ್ತು. ಬಂದ ಕೂಡಲೇ ತಾನೇ ಹೊತ್ತಿಕೊಳ್ಳುತ್ತಿತ್ತು. ಆದರೆ ಹಳೆಯದು ಕೆಟ್ಟು, ಈ ಬೇರೆ ಕಂಪ್ಯೂಟರ್ ತಂದ ಮೇಲೆ, ಹೊತ್ತಿಕೊಂಡರೂ ಆ ಮಾತಾಡೋ ಪ್ರೋಗ್ರಾಂ ಮಾತ್ರ ತಾನಾಗಿ ತೆರೆಯುತ್ತಿರಲಿಲ್ಲ. ಯಾರಾದರೂ ಕೈಯಿಂದ ತೆರೆಯಬೇಕು. ಕೈ ಆಡುವವನಾಗಿದ್ದರೆ ಅವನಿಗೆ ಅದು ಯಾಕೆ ಬೇಕಿತ್ತು, ಹೇಳಿ.

ಅಕ್ಕ ಮನೆ ಸೇರುವಾಗ ಕರೆಂಟು ಬಂದಿತ್ತು. ಕಾಯಲು ಕೂತಿದ್ದ ಪಕ್ಕದ ಮನೆ ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಪರದೆ ಬರೀ ನೀಲಿ. ತಮ್ಮನ ತುಟಿಯೂ ನೀಲಿ. ಗಂಟಲಲ್ಲಿ ಕಫ ಕಟ್ಟಿತ್ತು. ಅಕ್ಕ ಅವನನ್ನು ಮಗ್ಗುಲಿಗೆ ಹಾಕಿ ಬೆನ್ನು ತಟ್ಟಿ ತಟ್ಟಿ, ಹೇಗೋ ಉಸಿರು ವಾಪಸ್ ತಂದಳು.

"ಮಲಗಿದಾನೆ ಅಂದ್ಕೊಂಡೆ ಕಣೇ..." ಅಂದರು ಅತ್ತೆ, ಪಿಸುದನಿಯಲ್ಲಿ.

ಮಾರನೇ ದಿನ, ಆ ಕಂಪ್ಯೂಟರ್ ತಂದುಕೊಟ್ಟಿದ್ದ ರಿಪೇರಿಯವನು ಬಂದ. ಏನು ಕೇಳಿದರೂ 'ಆಯ್ತಾಯ್ತು' ಅನ್ನುತ್ತಿದ್ದರಿಂದ ಬೀದಿಯೆಲ್ಲ ಅವನನ್ನು ಹಾಗೇ ಕರೆಯುತ್ತಿತ್ತು. ಒಳ್ಳೇ ಮನುಷ್ಯ. ಕಂಪ್ಯೂಟರ್ ಹೊತ್ತಿಕೊಂಡ ಕೂಡಲೇ ತಾನಾಗಿ ತೆರೆಯಬೇಕಾದವುಗಳ ಪಟ್ಟಿಗೆ ಪ್ರೋಗ್ರಾಂ ಸೇರಿಸಿದ. ಆಫ್ ಮಾಡಿ ಆನ್ ಮಾಡಿದ. ಇಲ್ಲ. ಕಿತ್ತು ಹಾಕಿ ಹೊಸದಾಗಿ ಕೂರಿಸಿದ. ಇಲ್ಲ. ಕಂಪ್ಯೂಟರ್ ಪೂರ್ತಿ ಎಚ್ಚರಾಗಲಿ ಅಂತ ಸ್ವಲ್ಪ ತಡವಾಗಿ ತೆರೆಯೋ ಹಾಗೆ ಮಾಡಿದ. ಊಹೂಂ. ಕೊನೆಗೆ ಕೈಯಿಂದ ತೆರೆಯಲು ಹೋದರೆ ಪರದೆ ಮೇಲೆ ಒಂದು ಸಾಲು ಬಂತು. 'ಈ ಪ್ರೋಗ್ರಾಂ ಈಗಾಗಲೇ ತೆರೆದಿದೆ.'

"ಎಲ್ಲಿ ತೆರೆದಿದೆ ಅಣ್ಣ? ಕಾಣೋದೇ ಇಲ್ವಲ್ಲ."

"ಹಿಂದುಗಡೆ ಓಡ್ತಾ ಇರುತ್ತೆ, ತಂಗಿ. ಒಳಗೆ ಯಾರೋ ಬಾಗಿಲು ಹಾಕ್ಕೊಂಡು ಕೂತ ಹಾಗೆ. ಅವರು ಏಳೋವರೆಗೂ ಇನ್ನೊಬ್ಬರಿಗೆ ಜಾಗ ಇಲ್ಲ."

ಅವನು ಸುಮ್ಮನೆ ಅರ್ಥವಾಗಲಿ ಅಂತ ಹೇಳಿದ ಮಾತು ಅದು. ಒಳಗೆ ಓಡುತ್ತಿದ್ದುದನ್ನು ಹೇಗೆ ಮುಚ್ಚಬೇಕು, ಮತ್ತೆ ಹೇಗೆ ತೆರೆಯಬೇಕು ಅಂತ ಅಕ್ಕನಿಗೆ ಕಲಿಸಿಕೊಟ್ಟು ಹೋದ. ನಾಳೆ ಬಂದು ಪೂರ್ತಿ ಸರಿ ಮಾಡ್ತೀನಿ ಅಂದ. ಹೋಗೋ ಮುಂಚೆ, ಗೊಂದಲ ಬೇಡ ಅಂತ, ತಾನಾಗಿ ತೆರೆಯೋ ಪಟ್ಟಿಯಿಂದ ಪ್ರೋಗ್ರಾಂ ತೆಗೆದೂ ಹಾಕಿದ.

ಆ ರಾತ್ರಿ ಅಕ್ಕ ನಿದ್ದೆ ಮಾಡಬಾರದು ಅಂತ ಕೂತಳು. ತೂಕಡಿಕೆ ಬಂದಾಗೆಲ್ಲ ಸೂಜಿಯಿಂದ ಹೆಬ್ಬೆರಳಿಗೆ ಚುಚ್ಚಿಕೊಂಡಳು. ಆದರೆ ದುಡಿದ ಮೈ ಕೇಳಬೇಕಲ್ಲ... ಯಾವಾಗಲೋ ಕಣ್ಣು ಮುಚ್ಚಿತು.

ಟಿಕ್ ಅಂತ ಸದ್ದು. ಕರೆಂಟು ಹೋಗಿ ಬಂದಿತ್ತು. ಕಂಪ್ಯೂಟರಿನ ಫ್ಯಾನು ಸುಯ್ ಅಂತ ತಿರುಗತೊಡಗಿತ್ತು. ಪರದೆ ನೀಲಿ. ಆ ನೀಲಿ ಬೆಳಕಲ್ಲಿ ತಮ್ಮನ ಕಣ್ಣು... ಮಿಟುಕಿಸುತ್ತಿತ್ತು. ಬಿಡದೆ ಮಿಟುಕಿಸುತ್ತಿತ್ತು.

ಅಕ್ಕ ಅವನನ್ನು ಮಗ್ಗುಲಿಗೆ ಹೊರಳಿಸಿದಳು. ಬೆನ್ನು ತಟ್ಟಿದಳು. ಬಾಯಿಗೆ ಬೆರಳು ಹಾಕಿ ನೋಡಿದಳು. ಏನೂ ಸಿಗಲಿಲ್ಲ. ಉಸಿರು ಮಾತ್ರ ಏರುತ್ತಿಲ್ಲ. "ಏನಾಗ್ಬೇಕೋ? ಏನ್ ಮಾಡ್ಲಿ, ಹೇಳೋ..." ಅವನಿಗೆ ಗೊತ್ತಿತ್ತು. ಹೇಳೋಕೆ ಬಾಯಿರಲಿಲ್ಲ.

ಕಂಪ್ಯೂಟರಿಗೆ ಓಡಿದಳು. ತೆರೆದರೆ ಅದೇ ಸಾಲು. ಈಗಾಗಲೇ ತೆರೆದಿದೆ. ಒಳಗಿನದನ್ನು ಮುಚ್ಚಿದಳು. ಮತ್ತೆ ಬಂತು. ಮುಚ್ಚಿದಳು. ಮತ್ತೆ. ಕೈ ಬೆವತು ಮೌಸ್ ಜಾರುತ್ತಿತ್ತು.

ಆಗ ಸ್ಪೀಕರಿನಿಂದ ಸರ್ರ್ ಅಂತ ಸಣ್ಣ ಸದ್ದು. ಆಮೇಲೆ ಒಂದು ದನಿ.

"ಯಾರಾದ್ರೂ... ಇದೀರಾ?"

ಅಕ್ಕನ ದನಿಯಲ್ಲ. ವಯಸ್ಸಾದ ಹೆಂಗಸಿನ ದನಿ. ಒಣಗಿದ ಗಂಟಲು. ಆ ಮಾತು ಅಕ್ಕ ತುಂಬಿಸಿದ ಪದಗಳಲ್ಲೇ ಇರಲಿಲ್ಲ.

ನೀವೋ ನಾನೋ ಆಗಿದ್ದರೆ ಕಿರುಚಿಕೊಂಡು ಬೀದಿಗೆ ಬೀಳುತ್ತಿದ್ದೆವು. ಅವಳು ಎಲ್ಲಿಗೆ ಹೋಗಬೇಕು? ಬೆನ್ನ ಹಿಂದೆ ತಮ್ಮ ಸಾಯುತ್ತಿದ್ದಾನೆ. ಪರದೆ ಮುಂದೆ ಎರಡೂ ಕೈ ಜೋಡಿಸಿದಳು.

"ಇದೀನಮ್ಮ," ಅಂದಳು. "ನಿಮ್ಮ ಕೂಗು ಕೇಳಿಸ್ತು. ನಾನು ಬಂದಿದೀನಿ. ನೀವು ಯಾರೇ ಆಗಿರಿ... ಒಂದು ಗಳಿಗೆ ಎದ್ದು ಜಾಗ ಕೊಡಿ. ನನ್ನ ತಮ್ಮ ಮಾತಾಡಬೇಕು."

ಫ್ಯಾನಿನ ಸದ್ದು ನಿಂತಿತು.

ಕಿರ್ರ್... ಅಂತ ಕಬ್ಬಿಣದ ಮಂಚದಿಂದ ಯಾರೋ ನಿಧಾನವಾಗಿ ಎದ್ದ ಸದ್ದು. ತಮ್ಮ ಮಲಗಿದ್ದದ್ದು ಮರದ ಮಂಚದ ಮೇಲೆ. ಆ ಮನೆಯಲ್ಲಿ ಬೇರೆ ಮಂಚವೇ ಇಲ್ಲ.

ಫ್ಯಾನು ಮತ್ತೆ ಸುಯ್ ಅಂದಿತು. ಯಾರೂ ಏನೂ ಒತ್ತದೆ ಪ್ರೋಗ್ರಾಂ ತೆರೆದುಕೊಂಡಿತು. ಪದಗಳು ಒಂದೊಂದಾಗಿ ಬೆಳಗತೊಡಗಿದವು. ನೀರು... ಸೆಖೆ... ಹೊರಳಿಸು... ಅದರ ಮುಂದಿನದು ಬೆಳಗಿದಾಗ ತಮ್ಮ ಮಿಟುಕಿಸಿದ.

"ಕೂರಿಸು," ಅಂದಿತು ಅಕ್ಕನದೇ ದನಿ.

ಅಲ್ಲಿಯವರೆಗೂ ಅವಳು ಹೊರಳಿಸುತ್ತಲೇ ಇದ್ದಳು, ನೋಡಿ. ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದಳು. ಗೊರಕ್ ಅಂತ ಸದ್ದಾಗಿ ಕಫದ ಗಡ್ಡೆ ಹೊರಬಿತ್ತು. ತಮ್ಮ ಉಸಿರೆಳೆದ. ಅಕ್ಕ ಅವನ ತಲೆಯನ್ನು ಎದೆಗೊತ್ತಿಕೊಂಡು ಬೆಳಗಾಗುವವರೆಗೂ ಹಾಗೇ ಕೂತಿದ್ದಳು.

ಆಯ್ತಾಯ್ತು ಬಂದಾಗ ಅವಳು ಕೇಳಿದ್ದು ಒಂದೇ. ಈ ಕಂಪ್ಯೂಟರ್ ಎಲ್ಲಿಂದ ಬಂತು? ಹಳೇ ಸಾಮಾನಿನ ಅಂಗಡಿಯಿಂದ ಅಂದ. ಯಾವುದೋ ಮನೆ ಖಾಲಿ ಮಾಡಿಸಿದಾಗ ಒಂದು ಕಬ್ಬಿಣದ ಮಂಚದ ಜೊತೆ ಸಿಕ್ಕಿದ್ದಂತೆ. ಯಾರ ಮನೆ ಅನ್ನೋದು ಅಂಗಡಿಯವನಿಗೂ ಗೊತ್ತಿಲ್ಲ. ಒಳಗಿದ್ದದ್ದನ್ನೆಲ್ಲ ನಾನೇ ಅಳಿಸಿ ನಿಮಗೆ ಕೊಟ್ಟಿದ್ದೆ ಅಂದ. ಆಮೇಲೆ ಆಫ್ ಮಾಡಿ ಆನ್ ಮಾಡಿದ. ಪ್ರೋಗ್ರಾಂ ತಾನಾಗಿ ತೆರೆಯಿತು. ತಾನಾಗಿ ತೆರೆಯೋ ಪಟ್ಟಿ ಬಿಚ್ಚಿ ನೋಡಿದ. ಅದರ ಹೆಸರು ಅಲ್ಲಿರಲಿಲ್ಲ. ಅವನೇ ತೆಗೆದು ಹಾಕಿದ್ದನಲ್ಲ. ಚೀಲ ಎತ್ತಿಕೊಂಡು, ಅವತ್ತು ಒಂದು ಆಯ್ತೂ ಅನ್ನದೆ ಎದ್ದು ಹೋದ.

ನಾನೂ ನಂಬಿರಲಿಲ್ಲ. ಹೋದ ತಿಂಗಳು ಅಕ್ಕನಿಗೆ ಜ್ವರ ಅಂತ ಜೊತೆಗೆ ಮಲಗಲು ಹೋಗಿದ್ದೆ. ರಾತ್ರಿ ಕರೆಂಟು ಹೋಗಿ ಬಂತು. ಸರ್ರ್ ಅಂತ ಸದ್ದು ಮಾಡಿತು ಸ್ಪೀಕರ್.

"ಇದೀರಾ?"

ಅಕ್ಕ ಕಣ್ಣು ಕೂಡ ಬಿಡಲಿಲ್ಲ. "ಇದೀನಮ್ಮ, ಮಲಗಿ," ಅಂದು ಮಗ್ಗುಲು ಬದಲಿಸಿದಳು. ಪ್ರೋಗ್ರಾಂ ತೆರೆಯಿತು.

ನಾನು ತಮ್ಮನ ಕಡೆ ನೋಡಿದೆ. ಅವನು ಎಚ್ಚರವಾಗಿದ್ದ. ಪರದೆ ನೋಡುತ್ತಿರಲಿಲ್ಲ. ಅವನ ಕಣ್ಣು ಕಂಪ್ಯೂಟರಿನ ಪಕ್ಕದಿಂದ ಹೊರಟು... ನಿಧಾನವಾಗಿ... ನಡೆದು ಹೋಗುವವರನ್ನು ನೋಡುವ ಹಾಗೆ... ನನ್ನ ಹಾಸಿಗೆ ದಾಟಿ, ಬಾಗಿಲವರೆಗೂ ಹೋಗಿ ನಿಂತಿತು.

ಆ ಬಾಗಿಲಿಗೆ ಒಳಗಿಂದ ಚಿಲಕ ಹಾಕಿದ್ದವನು ನಾನು. ಬೆಳಿಗ್ಗೆ ತೆಗೆದವನೂ ನಾನೇ.