ಊಟ ಆಯ್ತಾ ಎಂದು ಕೇಳಿದ್ದಕ್ಕೆ

ಹೆಸರು: ತು ರುಯ್-ಯುನ್. ವಯಸ್ಸು: ೨೫. ಉದ್ಯೋಗ: ಮಕ್ಕಳಿಗೆ ಮನೆಪಾಠ, ಸಾಹಿತ್ಯದಲ್ಲಿ ಪದವಿ. ವಾಸ: ಮೀನು ಬಂದರಿನ ಹಿಂದಿನ ಓಣಿ, ಡೊಂಗ್‌ಗಾಂಗ್, ಪಿಂಗ್‌ಡೊಂಗ್ ಜಿಲ್ಲೆ, ತೈವಾನ್.

ಅಣ್ಣನಿಗೆ ಅನ್ನ ಹಾಕದೆ ಉಪವಾಸ ಕೆಡವಿದ್ದೇನೆ ಎಂದು ನನ್ನ ಮೇಲೆ ಬಂದಿರುವ ದೂರಿನ ಬಗ್ಗೆ ಠಾಣೆಯಲ್ಲಿ ನಾನು ಹೇಳಿ ಬರೆಸುತ್ತಿರುವುದು ಹೀಗಿದೆ.

ಇಂದು ಬೆಳಿಗ್ಗೆ ಅಣ್ಣ ಹೊಸ್ತಿಲು ದಾಟುವಾಗ ಅವನ ಅಂಗಿಯ ಕಾಲರಿನ ಮೇಲೆ ಮೊಟ್ಟೆಯ ಹಳದಿ ಅಂಟಿರುವುದನ್ನು ಕಂಡೆ. ಒರೆಸಬೇಕು ಎಂದುಕೊಳ್ಳುವಷ್ಟರಲ್ಲಿ ಅವನು ಓಣಿಯ ತಿರುವು ದಾಟಿದ್ದ. ಅದಕ್ಕೆ ಮುಂಚೆ, ಏಳು ಗಂಟೆಗೆ, ಅವನು ಒಂದು ಬಟ್ಟಲು ಗಂಜಿ, ಒಂದು ಮೊಟ್ಟೆ ಮತ್ತು ಉಪ್ಪಿನಲ್ಲಿ ಹಾಕಿದ ಮೂಲಂಗಿ ತಿಂದಿದ್ದ. ಬಟ್ಟಲನ್ನು ತಾನೇ ತೊಳೆದಿಟ್ಟಿದ್ದ.

ಅಣ್ಣ ತು ಬೊ-ಕಾಯ್, ವಯಸ್ಸು ೩೪, ಇದೇ ಬಂದರಿನಲ್ಲಿ ಮೀನು ಹರಾಜು ಕೂಗುತ್ತಿದ್ದವನು. ನಾಲ್ಕು ವರ್ಷದ ಹಿಂದೆ ಸ್ಕೂಟರ್ ಅಪಘಾತದಲ್ಲಿ ಅವನ ತಲೆಗೆ ಪೆಟ್ಟಾಯಿತು. ಆ ಕಾಲದ ಟ್ಯೂನಾ ಮೀನಿನ ದರಗಳನ್ನು ಇಂದಿಗೂ ತಪ್ಪಿಲ್ಲದೆ ಹೇಳುತ್ತಾನೆ. ಈಗಷ್ಟೇ ಉಂಡದ್ದು ನೆನಪಿರುವುದಿಲ್ಲ. ಹೊಟ್ಟೆ ತುಂಬಿದ್ದೂ ಅವನಿಗೆ ತಿಳಿಯುವುದಿಲ್ಲ. ಕಳೆದ ವರ್ಷದವರೆಗೆ ನನ್ನ ಹೆಸರು ಹೇಳುತ್ತಿದ್ದ. ಮನೆಗೆ ಮಕ್ಕಳು ಪಾಠಕ್ಕೆ ಬರುವುದನ್ನು ನೋಡಿ ಈಗ ನನ್ನನ್ನು ಟೀಚರಮ್ಮ ಎಂದು ಕರೆಯುತ್ತಾನೆ. ತಂದೆ ದೂರಸಮುದ್ರದ ದೋಣಿಯಲ್ಲಿದ್ದಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ತಾಯಿ ಇಲ್ಲ.

ಇದು ವಾಸಿಯಾಗುತ್ತದೆಯೇ ಎಂದು ನಾನು ಡಾಕ್ಟರನ್ನು ಕೇಳಿದ್ದೆ. "ಇಲ್ಲ, ನೆನಪು ಇಳೀತಾನೇ ಹೋಗುತ್ತಮ್ಮ. ನಿಧಾನವಾಗಿ ಇಳಿಯೋ ಹಾಗೆ ನೋಡ್ಕೋಬಹುದು, ಅಷ್ಟೆ. ಒಳಗೆ ಕೂಡಿಹಾಕ್ಬೇಡಿ, ಜನರ ಮಧ್ಯೆ ಬಿಡಿ" ಎಂದರು. ಆದ್ದರಿಂದ ದಿನವೂ ಬೆಳಿಗ್ಗೆ ಅವನನ್ನು ಬಂದರಿಗೆ ಹೋಗಲು ಬಿಡುತ್ತೇನೆ. ಸಕ್ಕರೆ ಕಾಯಿಲೆ ಬಂದ ಮೇಲೆ ಅವನ ಊಟಕ್ಕೆ ಮಿತಿ ಹಾಕಿದವರೂ ಅದೇ ಡಾಕ್ಟರು.

ಬಂದರಿನಲ್ಲಿ ಎದುರಾದವರೆಲ್ಲ ಅವನನ್ನು ಊಟ ಆಯ್ತಾ ಎಂದು ಕೇಳುತ್ತಾರೆ. ನಮ್ಮ ಊರಿನಲ್ಲಿ ಅದು ಊಟದ ವಿಚಾರವಲ್ಲ, ನಮಸ್ಕಾರ. ಹಸಿದವರೂ ಆಯ್ತು ಎಂದೇ ಹೇಳಿ ಮುಂದೆ ಹೋಗುತ್ತಾರೆ. ಅಣ್ಣ ಮಾತ್ರ ನಿಂತು, ಯೋಚಿಸಿ, ತನಗೆ ತಿಳಿದಷ್ಟು ನಿಜವನ್ನು ಹೇಳುತ್ತಾನೆ. ಇಲ್ಲ ಎನ್ನುತ್ತಾನೆ. ಬರೀ ಆಯ್ತು ಅನ್ನು ಸಾಕು ಎಂದು ನಾನು ಎರಡು ವರ್ಷ ಹೇಳಿಕೊಟ್ಟೆ. ಕಲಿಯಲಿಲ್ಲ.

ಹಳಬರಿಗೆ ಇದು ಗೊತ್ತು. ಈ ತಿಂಗಳು ಹೊಸದಾಗಿ ಮೀನುಂಡೆ ಸಾರಿನ ಅಂಗಡಿ ಹಾಕಿದ, ಎಲ್ಲರೂ ಚಿಕ್ಕಮ್ಮ ಎಂದು ಕರೆಯುವ ಲ್ಯಾವ್ ಸ್ಯು-ಮೆಯ್ ಅವರಿಗೆ ಗೊತ್ತಿರಲಿಲ್ಲ. ಅವರು ಕೇಳಿದರು. ಅಣ್ಣ, "ಎಲ್ಲಿ ಚಿಕ್ಕಮ್ಮ, ಮೂರು ದಿನ ಆಯ್ತು. ಆ ಟೀಚರಮ್ಮ ಏನೂ ಕೊಡಲ್ಲ" ಎಂದನಂತೆ. ಅವತ್ತಿನಿಂದ ದಿನವೂ ಅವನಿಗೆ ಸಾರು, ಶ್ಯಾವಿಗೆ, ಮೊಟ್ಟೆ ಕೊಡುತ್ತಿದ್ದರು. ಅವನ ಸಕ್ಕರೆ ಏರಿತು. ಮೊನ್ನೆ ನಾನು ಅಂಗಡಿಗೆ ಹೋಗಿ, ಅಣ್ಣನಿಗೆ ದಯವಿಟ್ಟು ತಿನ್ನಲು ಏನೂ ಕೊಡಬೇಡಿ ಎಂದೆ. ಗಿರಾಕಿಗಳೆಲ್ಲ ಬಟ್ಟಲು ಬಿಟ್ಟು ನನ್ನ ಮುಖ ನೋಡಿದರು. ಕಾರಣ ಹೇಳಲು ಬಾಯಿ ಬರಲಿಲ್ಲ. ಹಾಗೇ ತಿರುಗಿ ಬಂದುಬಿಟ್ಟೆ.

ಇಂದು ಹನ್ನೊಂದು ಗಂಟೆಗೆ ಚಿಕ್ಕಮ್ಮ ಅಣ್ಣನನ್ನು ತಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ಈ ಠಾಣೆಗೆ ಬಂದರು. ಫೋನು ಬಂದ ಮೇಲೆ ನಾನೂ ಬಂದೆ. ನನ್ನನ್ನು ಕಂಡಕೂಡಲೇ ಅವರು, "ಬಂದ್ಳು ನೋಡಿ ಓದಿದೋಳು! ಕೊಡಬೇಡಿ ಅಂತ ನನ್ನ ಅಂಗಡಿಗೇ ಬಂದು ಹೇಳ್ತಾಳೆ ಸಾರ್. ನಾಯಿಗಾದ್ರೂ ಒಂದು ತುತ್ತು ಹಾಕ್ತಾರಲ್ಲೇ" ಎಂದರು. ಠಾಣೆಯ ಅಧಿಕಾರಿ ಕೋ ಸಾಹೇಬರು ನನ್ನನ್ನು ಕೂರಿಸಿ, ದೂರು ನಿಜವಾದರೆ ಅಣ್ಣನನ್ನು ಇವತ್ತೇ ಜಿಲ್ಲೆಯ ಆಶ್ರಯಧಾಮಕ್ಕೆ ಕಳಿಸಬೇಕಾಗುತ್ತದೆ, ಅಲ್ಲಿಗೆ ಹೋದವರು ಮನೆಗೆ ಮರಳುವುದು ಕಡಿಮೆ ಎಂದು ತಿಳಿಸಿದರು.

ಅವನು ಬೆಳಿಗ್ಗೆ ತಿಂದಿದ್ದಾನೆ ಎಂದು ನಾನು ಹೇಳಿದೆ. ಇಲ್ಲ ಎಂದು ಅಣ್ಣ ಹೇಳಿದ. ಅವನ ಕಾಲರಿನ ಹಳದಿಯನ್ನು ತೋರಿಸಿದೆ. "ಅದು ನಾನು ಕೊಟ್ಟ ಮೊಟ್ಟೆ ಕಣೆ" ಎಂದು ಚಿಕ್ಕಮ್ಮ ಹೇಳಿದರು. ಬೆಳಗಿನ ಕಲೆಯ ಮೇಲೆ ಅದೂ ಬಿದ್ದಿರಬಹುದು, ಸುಳ್ಳೆನ್ನಲಾರೆ.

ಮಧ್ಯಾಹ್ನ ಹನ್ನೆರಡಕ್ಕೆ ಸಾಹೇಬರು ತಮ್ಮ ಕೈಯಿಂದ ಹಣ ಕೊಟ್ಟು ಊಟದ ಡಬ್ಬಿ ತರಿಸಿದರು. ಹುರಿದ ಮೀನು, ಅನ್ನ, ಎಲೆಕೋಸು. ಬೇಡ ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ. ಅಣ್ಣ ಒಂದು ಅಗುಳೂ ಬಿಡಲಿಲ್ಲ. ಮೀನಿನ ಮುಳ್ಳನ್ನು ಬೆಳಕಿಗೆ ಹಿಡಿದು, "ಇದು ಸತ್ತು ವಾರ ಆಗಿದೆ ಸಾರ್. ಮಾರಿದೋನು ಪೊಲೀಸರನ್ನೇ ಯಾಮಾರಿಸಿದಾನಲ್ಲ, ಭಲೇ ಗಂಡು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಳೆಯ ಅಣ್ಣ ಹಾಗೇ ಮಾತಾಡುತ್ತಿದ್ದ.

ಸ್ವಲ್ಪ ಹೊತ್ತಿಗೆ ಪಾಳಿ ಬದಲಾಯಿತು. ಒಳಗೆ ಬಂದ ಮಹಿಳಾ ಪೇದೆಯೊಬ್ಬರು ಟೋಪಿ ತೆಗೆಯುತ್ತ ಅವನಿಗೆ, "ಏನಣ್ಣ, ಊಟ ಆಯ್ತಾ?" ಎಂದರು. ಅಣ್ಣನ ಬಾಯಲ್ಲಿ ಹಲ್ಲುಕಡ್ಡಿ ಇತ್ತು. ಅದನ್ನು ತೆಗೆದು ಮರ್ಯಾದೆಯಿಂದ, "ಎಲ್ಲಿ ಮೇಡಂ, ಮೂರು ದಿನ ಆಯ್ತು. ಇಲ್ಲೂ ಯಾರೂ ಏನೂ ಕೊಟ್ಟಿಲ್ಲ" ಎಂದ.

ಡಬ್ಬಿ ಇನ್ನೂ ಅವನ ಮೊಣಕಾಲ ಮೇಲಿತ್ತು. ಸಾಹೇಬರು ಪೆನ್ನು ಕೆಳಗಿಟ್ಟರು. ದೂರಿನಿಂದ ನಾನು ಪಾರಾದದ್ದು ಆಗಲೇ ಎಂದು ತಿಳಿದುಕೊಂಡಿದ್ದೇನೆ. ನನಗೆ ಸಂತೋಷವಾಗಲಿಲ್ಲ.

ಲ್ಯಾವ್ ಚಿಕ್ಕಮ್ಮ ಅತ್ತರು. ನನ್ನ ಕೈ ಹಿಡಿದು, "ತಪ್ಪಾಯ್ತು ಮಗಳೇ. ನೀನು ಚಿಂತೆ ಮಾಡ್ಬೇಡ, ಬಂದರಿನಲ್ಲಿ ಎಲ್ರಿಗೂ ನಾನೇ ಹೇಳ್ತೀನಿ. ಇನ್ಮೇಲೆ ಇವನನ್ನ ಯಾರೂ ಮಾತಾಡಿಸಬಾರದು, ಅಷ್ಟೆ. ಕೇಳಿದ್ರೆ ತಾನೆ ಇವನು ಇಲ್ಲ ಅನ್ನೋದು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಣ್ಣ ಕಿಟಕಿಯ ಹೊರಗೆ ಹೋಗುತ್ತಿದ್ದವರನ್ನೆಲ್ಲ ನೋಡುತ್ತಿದ್ದ. ಯಾರಾದರೂ ಇತ್ತ ತಿರುಗಿದರೆ ತಲೆ ಎತ್ತುತ್ತಿದ್ದ. ಊಟ ಆಯ್ತಾ ಎನ್ನುವುದನ್ನು ಬಿಟ್ಟರೆ ಅವನಿಗೆ ಈಗ ಬೇರೆ ಮಾತು ಹೇಳುವವರು ಯಾರೂ ಇಲ್ಲ.

ಹಾಗೆ ಮಾಡಬೇಡಿ, ಕೇಳುತ್ತಿರಿ ಎಂದು ಚಿಕ್ಕಮ್ಮನಲ್ಲಿ ಬೇಡಿಕೊಂಡಿದ್ದೇನೆ. ಶ್ಯಾವಿಗೆ ಇಲ್ಲದ ಬರೀ ಸಾರು, ಎರಡು ಮೀನುಂಡೆ ಕೊಡಲು ಅವರು ಒಪ್ಪಿದ್ದಾರೆ. ಮುಂದಿನದನ್ನು ಅವರಿಗೂ ಹೇಳಿಲ್ಲ, ಇಲ್ಲಿ ಮಾತ್ರ ಬರೆಸುತ್ತಿದ್ದೇನೆ. ಹೊರಗೆ ಅವನು ತಿನ್ನುವಷ್ಟನ್ನು ಮನೆಯಲ್ಲಿ ಕಡಿಮೆ ಮಾಡಬೇಕು. ಆದ್ದರಿಂದ ನಾಳೆಯಿಂದ ಬೆಳಗಿನ ಗಂಜಿಯನ್ನು ನಾನು ಅವನಿಗೆ ಕೊಡುವುದಿಲ್ಲ. ಹಸಿದುಕೊಂಡೇ ಬಂದರಿಗೆ ಹೋಗಲಿ. ಆ ಟೀಚರಮ್ಮ ಏನೂ ಕೊಟ್ಟಿಲ್ಲ ಎಂದು ಅಣ್ಣ ಮತ್ತೆ ಯಾರಿಗಾದರೂ ಹೇಳಿದರೆ, ಅವರು ಈ ಠಾಣೆಗೆ ಬಂದರೆ, ಅವನು ಹೇಳಿದ್ದು ನಿಜವೆಂದು ತಿಳಿಯತಕ್ಕದ್ದು.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಯಾರ ಒತ್ತಾಯವೂ ಇಲ್ಲ.

ಸ್ಥಳ: ಡೊಂಗ್‌ಗಾಂಗ್
ದಿನಾಂಕ: ೧೭-೧೧-೨೦೨೨
ಸಹಿ: ತು ರುಯ್-ಯುನ್