ಹಲ್ಲಿನ ಅಳತೆ

ದಂತವೈದ್ಯರ ಬಾಗಿಲಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದ ದರ್ಜಿಗೆ ಬಾಯಿ ತೆರೆಯಲಾಗುತ್ತಿರಲಿಲ್ಲ. ಆದರೆ ಅಳತೆಯ ಮಾತು ಬಿದ್ದರೆ ಅವನ ಕಿವಿ ತಾನಾಗಿಯೇ ನೆಟ್ಟಗಾಗುತ್ತಿತ್ತು. ಪಕ್ಕದಲ್ಲಿದ್ದ ಮುದಿ ದಂಪತಿ ಕಟ್ಟುಹಲ್ಲಿಗೆ ಅಳತೆ ಕೊಟ್ಟು ಬಂದಿದ್ದರು.

“ರೀ, ನಿಮಗೆ ವಾಕರಿಕೆ ಬರ್ಲಿಲ್ವಾ?”

“ಏನೂ ಆಗ್ಲಿಲ್ಲ ಅಂದ್ನಲ್ಲ.”

“ನಂಗೆ ಅಳತೆಗೆ ಬಾಯ್ತುಂಬ ಹಾಕಿದ ಆ ಪೇಸ್ಟು ಗಂಟಲಿಗೇ ಇಳೀತು. ನೀವು ತಡ್ಕೊಂಡಿದೀರಲ್ಲ ಅಂತ ಉಸಿರು ಬಿಗಿಹಿಡಿದು ಕೂತಿದ್ದೆ.”

“ಹೂಂ.”

“ನಿಮಗೆ ಪೇಸ್ಟೇ ಹಾಕಿಲ್ವಂತೆ. ಪೆನ್ನಿನ ಥರದ ಕ್ಯಾಮೆರಾ ಬಾಯೊಳಗೆ ಆಡಿಸಿ ಅಳತೆ ತಗೊಂಡ್ರಂತೆ, ಅಷ್ಟೇ. ನರ್ಸ್ ಹೇಳಿದ್ಲು.”

ಗಂಡ ಕೆಮ್ಮಿದರು.

“ನಂಗೂ ಅದನ್ನೇ ಮಾಡ್ತೀವಿ ಅಂದ್ರೆ ನೀವೇ ಬೇಡ ಅಂದ್ರಂತೆ?”

“ಅದಕ್ಕೆ ಇನ್ನೂ ಒಂದು ಗಂಟೆ ಕಾಯ್ಬೇಕಿತ್ತು ಕಣೇ. ಅವಳು ಏನಿದ್ರೂ ತಡ್ಕೋತಾಳೆ, ಪೇಸ್ಟೇ ಹಾಕಿ ಅಂದೆ.”

ಅಷ್ಟರಲ್ಲಿ ನರ್ಸ್ ಬಾಗಿಲಲ್ಲಿ ಇಣುಕಿದಳು.

“ಅಮ್ಮಾ, ಅಳತೆ ಸರಿ ಬಂದಿಲ್ಲ. ಇನ್ನೊಂದ್ಸಲ ತೆಗೀಬೇಕು.”

ಗಂಡ ಏನೋ ಹೇಳಲು ಹೊರಟರು. ಆಕೆ ಎದ್ದೇಬಿಟ್ಟರು.

“ಕ್ಯಾಮೆರಾದಲ್ಲೇ ತೆಗೀರಮ್ಮ. ಎಷ್ಟು ಹೊತ್ತಾದ್ರೂ ಸರಿ.”

ತಮ್ಮ ಕೈಲಿದ್ದ ತುಂಬಿದ ಚೀಲವನ್ನು ಗಂಡನ ತೊಡೆಯ ಮೇಲೆ ಹೇರಿದರು.

“ಹಿಡ್ಕೊಂಡು ಕೂತಿರಿ. ನೀವೂ ತಡ್ಕೋತೀರಿ.”

ಎಂದವರೇ ತಿರುಗಿ ನೋಡದೆ ಒಳಗೆ ಹೋದರು.